ಗುರುತ್ವ, ನ್ಯಾವಿಗೇಷನ್, ಹರಿವು ಮತ್ತು ಭೂ-ಬಾಹ್ಯಾಕಾಶ ಭೌತವಿಜ್ಞಾನ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ನಾಲ್ಕು ವಿಷಯಗಳನ್ನು ಬೇರೆ ಬೇರೆ ವಿಭಾಗಗಳಲ್ಲಿ ಕಲಿಸುವುದು ವಾಡಿಕೆ. ಆದರೆ ಕಳೆದ ಎರಡು ದಶಕಗಳ ಸಂಶೋಧನೆಯನ್ನು ಗಮನಿಸಿದವರಿಗೆ ಇವುಗಳ ನಡುವಿನ ಗೋಡೆಗಳು ತೆಳುವಾಗಿರುವುದು ಕಾಣುತ್ತದೆ. ಒಂದು ಉಪಕರಣದ ಅಳತೆಯನ್ನು ಕೆಡಿಸುವ ಗದ್ದಲವೇ ಇನ್ನೊಂದು ಕ್ಷೇತ್ರದವರು ಹುಡುಕುತ್ತಿರುವ ಸಂಕೇತವಾಗಿರುತ್ತದೆ. ಕೆಳಗಿನ ಉತ್ತರಗಳಲ್ಲಿ ಈ ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ.

ಗುರುತ್ವ ವೇಗೋತ್ಕರ್ಷ ಎಲ್ಲೆಡೆ 9.8 ತಾನೇ? ಅದನ್ನು ಇನ್ನೂ ಅಳೆಯುತ್ತಿರುವುದು ಏಕೆ?

ಶಾಲೆಯ ಲೆಕ್ಕಗಳಿಗೆ 9.8 ಸಾಕು, ಆದರೆ ಭೂಮಿಗೆ ಅದು ಸಾಲದು. ಸಮುದ್ರಮಟ್ಟದಲ್ಲಿ ಈ ಬೆಲೆ ಸಮಭಾಜಕ ವೃತ್ತದ ಬಳಿ ಸುಮಾರು 9.78 ಮೀ/ಸೆ² ಇದ್ದರೆ, ಧ್ರುವಗಳಲ್ಲಿ ಸುಮಾರು 9.83 ಇರುತ್ತದೆ. ಭೂಮಿಯ ತಿರುಗುವಿಕೆ ಮತ್ತು ಅದರ ಉಬ್ಬಿದ ನಡು ಇದಕ್ಕೆ ಕಾರಣ. ಈ ದೊಡ್ಡ ವ್ಯತ್ಯಾಸವನ್ನು ಲೆಕ್ಕಹಾಕಿ ಕಳೆದ ಮೇಲೆ ಉಳಿಯುವ ಅತಿ ಸಣ್ಣ ಏರಿಳಿತಗಳೇ ಇಂದಿನ ಸಂಶೋಧನೆಯ ವಿಷಯ. ಇವನ್ನು ಗೆಲಿಲಿಯೊ ಹೆಸರಿನ ಗ್ಯಾಲ್ ಎಂಬ ಮಾನದ ಅಂಶಗಳಲ್ಲಿ ಅಳೆಯುತ್ತಾರೆ. ಒಂದು ಗ್ಯಾಲ್ ಎಂದರೆ 1 ಸೆಂ.ಮೀ/ಸೆ², ಅದರ ಸಾವಿರದಲ್ಲೊಂದು ಪಾಲು ಮಿಲಿಗ್ಯಾಲ್, ಹತ್ತು ಲಕ್ಷದಲ್ಲೊಂದು ಪಾಲು ಮೈಕ್ರೊಗ್ಯಾಲ್.

ಉಪಕರಣವನ್ನು 1 ಸೆಂ.ಮೀ ಮೇಲೆತ್ತಿದರೆ ಗುರುತ್ವ ಸುಮಾರು 3 ಮೈಕ್ರೊಗ್ಯಾಲ್ ಕಡಿಮೆಯಾಗುತ್ತದೆ. ಕಾಲಡಿಯಲ್ಲಿ ವಿಶಾಲವಾಗಿ ಹರಡಿದ 1 ಮೀಟರ್ ದಪ್ಪದ ನೀರಿನ ಪದರ ಸೇರಿಕೊಂಡರೆ ಸುಮಾರು 42 ಮೈಕ್ರೊಗ್ಯಾಲ್ ಹೆಚ್ಚಾಗುತ್ತದೆ. ಹೀಗಾಗಿ ನೆಲದ ಏರಿಳಿತವನ್ನು ಅಳೆಯಲು ಹೊರಟವರಿಗೆ ಮಳೆಗಾಲದ ಅಂತರ್ಜಲ ಒಂದು ತೊಡಕು. ಅಂತರ್ಜಲವನ್ನೇ ಅಳೆಯಲು ಹೊರಟವರಿಗೆ ನೆಲದ ಏರಿಳಿತ ತೊಡಕು.

ಹಾಗಾದರೆ ನ್ಯೂಟನ್ನನ ಗುರುತ್ವ ಸ್ಥಿರಾಂಕವಾದರೂ ನಿಖರವಾಗಿ ಗೊತ್ತಿದೆಯೇ?

ಇತರ ಸ್ಥಿರಾಂಕಗಳಿಗೆ ಹೋಲಿಸಿದರೆ ಇಲ್ಲ. ಹೆನ್ರಿ ಕ್ಯಾವೆಂಡಿಶ್ 1798ರಲ್ಲಿ ಸೀಸದ ಗುಂಡುಗಳನ್ನು ಬಳಸಿ ಮಾಡಿದ ಪ್ರಯೋಗದ ಬೇರೆ ಬೇರೆ ರೂಪಗಳು ಇಂದಿಗೂ ನಡೆಯುತ್ತಿವೆ. ಈಗ ಶಿಫಾರಸು ಮಾಡಲಾಗಿರುವ ಬೆಲೆ 6.67430 × 10⁻¹¹ (ಎಸ್‌ಐ ಮಾನದಲ್ಲಿ) ಎಂದಿದ್ದು, ಅದರ ಅನಿಶ್ಚಿತತೆ ಹತ್ತು ಲಕ್ಷಕ್ಕೆ 22 ಪಾಲಿನಷ್ಟಿದೆ. ಇನ್ನೂ ಮುಜುಗರದ ಸಂಗತಿಯೆಂದರೆ, ಉತ್ತಮ ಪ್ರಯೋಗಾಲಯಗಳ ಫಲಿತಾಂಶಗಳು ತಾವೇ ಘೋಷಿಸಿಕೊಂಡ ದೋಷಮಿತಿಗಳನ್ನು ಮೀರಿ ಒಂದಕ್ಕೊಂದು ಭಿನ್ನವಾಗಿವೆ. ಇದಕ್ಕೆ ಹೊಸ ಭೌತವಿಜ್ಞಾನ ಕಾರಣವೆಂದು ನಂಬುವವರು ಕಡಿಮೆ. ಗುರುತ್ವ ದುರ್ಬಲ ಬಲವಾಗಿದ್ದು ಅದಕ್ಕೆ ಅಡ್ಡಗೋಡೆ ಕಟ್ಟಲು ಸಾಧ್ಯವಿಲ್ಲದಿರುವುದೇ ತೊಂದರೆಯ ಮೂಲವೆಂಬುದು ಹೆಚ್ಚು ಸಂಭವನೀಯ. ಸ್ಥಿರಾಂಕ ಮತ್ತು ಭೂಮಿಯ ದ್ರವ್ಯರಾಶಿಯ ಗುಣಲಬ್ಧವಾದರೋ ಉಪಗ್ರಹಗಳ ಕಕ್ಷೆಯಿಂದ ಶತಕೋಟಿಗೆ ಎರಡು ಪಾಲಿನಷ್ಟು ನಿಖರವಾಗಿ ತಿಳಿದಿದೆ. ಆದ್ದರಿಂದ ಉಪಗ್ರಹಗಳ ಕಕ್ಷೆ ಲೆಕ್ಕಹಾಕುವವರಿಗೆ ಈ ಜಗಳದಿಂದ ಯಾವ ತೊಂದರೆಯೂ ಇಲ್ಲ.

‘ಕ್ವಾಂಟಮ್ ಗುರುತ್ವಮಾಪಕ’ ಎಂದು ಸುದ್ದಿಯಲ್ಲಿ ಓದುತ್ತೇವೆ. ಅದರೊಳಗೆ ನಿಜವಾಗಿ ನಡೆಯುವುದೇನು?

ನಿರ್ವಾತ ಕೊಳವೆಯೊಂದರಲ್ಲಿ ರುಬಿಡಿಯಂ ಪರಮಾಣುಗಳ ಒಂದು ಚಿಕ್ಕ ಮೋಡವನ್ನು ಲೇಸರ್ ಕಿರಣಗಳು ಎಲ್ಲ ದಿಕ್ಕುಗಳಿಂದ ತಡೆದು, ಕೆಲ್ವಿನ್‌ನ ಹತ್ತು ಲಕ್ಷದಲ್ಲಿ ಕೆಲವೇ ಪಾಲುಗಳಷ್ಟರ ಮಟ್ಟಕ್ಕೆ ತಣಿಸುತ್ತವೆ. ಆಮೇಲೆ ಲೇಸರ್ ಆರಿಸಿದಾಗ ಮೋಡ ಬೀಳತೊಡಗುತ್ತದೆ. ಬೀಳುತ್ತಿರುವಾಗ ಸಮಾನ ಅಂತರದಲ್ಲಿ ಮೂರು ಲೇಸರ್ ಮಿಡಿತಗಳನ್ನು ಅದರ ಮೇಲೆ ಹಾಯಿಸುತ್ತಾರೆ. ಮೊದಲನೆಯದು ಪ್ರತಿ ಪರಮಾಣುವಿನ ಅಲೆಯನ್ನು ಎರಡು ದಾರಿಗಳಿಗೆ ಒಡೆಯುತ್ತದೆ, ಎರಡನೆಯದು ಆ ದಾರಿಗಳನ್ನು ಪರಸ್ಪರ ತಿರುಗಿಸುತ್ತದೆ, ಮೂರನೆಯದು ಅವನ್ನು ಮತ್ತೆ ಕೂಡಿಸುತ್ತದೆ. ಕೂಡಿದಾಗ ಎರಡು ಅಲೆಗಳ ಹಂತಗಳ ನಡುವೆ ಉಳಿಯುವ ವ್ಯತ್ಯಾಸವು ಪರಮಾಣುಗಳು ಎಷ್ಟು ವೇಗವಾಗಿ ಬಿದ್ದವೆಂಬುದನ್ನು ನೇರವಾಗಿ ಹೇಳುತ್ತದೆ. ಲೇಸರ್‌ನ ತರಂಗದೂರವೇ ಇಲ್ಲಿ ಅಳತೆಪಟ್ಟಿ. ಆ ವ್ಯತ್ಯಾಸ ಮಿಡಿತಗಳ ನಡುವಿನ ಕಾಲದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಕಾಲವನ್ನು ಇಮ್ಮಡಿಗೊಳಿಸಿದರೆ ಸೂಕ್ಷ್ಮತೆ ನಾಲ್ಮಡಿಯಾಗುತ್ತದೆ. ಪರಮಾಣುಗಳು ಬೀಳಲು ಎತ್ತರದ ಗೋಪುರಗಳನ್ನು ಕಟ್ಟುವುದಕ್ಕೂ ಬಾಹ್ಯಾಕಾಶದ ತೂಕರಹಿತ ಸ್ಥಿತಿಯನ್ನು ಅರಸುವುದಕ್ಕೂ ಇದೇ ಕಾರಣ.

ಈ ವಿಧಾನದಿಂದ ಗುರುತ್ವವನ್ನು ಅಳೆಯಬಹುದೆಂದು ಸ್ಟ್ಯಾನ್‌ಫರ್ಡ್‌ನಲ್ಲಿ ಮಾರ್ಕ್ ಕಸೆವಿಚ್ ಮತ್ತು ಸ್ಟೀವನ್ ಚು 1991ರಲ್ಲಿ ತೋರಿಸಿಕೊಟ್ಟರು. ಸ್ಪ್ರಿಂಗ್ ಆಧಾರಿತ ಮಾಪಕಗಳು ಕಾಲಕ್ರಮೇಣ ಸಡಿಲಗೊಂಡು ಅಳತೆ ಜಾರುತ್ತದೆ, ಪರಮಾಣುಗಳು ಸವೆಯುವುದಿಲ್ಲ. ಪರಮಾಣು ಮಾಪಕದ ನಿಜವಾದ ಬಲ ಇರುವುದು ಇಲ್ಲಿ.

ಅದು ಪ್ರಯೋಗಾಲಯದಿಂದ ಹೊರಬಂದಿದೆಯೇ?

ಬಂದಿದೆ, ಆದರೆ ಸುದ್ದಿಗಳು ಹೇಳುವಷ್ಟು ದೂರ ಬಂದಿಲ್ಲ. 2020ರಲ್ಲಿ ಇಟಲಿಯ ಎಟ್ನಾ ಜ್ವಾಲಾಮುಖಿಯ ಮೇಲೆ ಇಂಥ ಮಾಪಕವೊಂದನ್ನು ಇರಿಸಿ, ಒಳಗಿನ ಶಿಲಾಪಾಕ ಮತ್ತು ಅನಿಲಗಳ ಚಲನೆಯಿಂದಾಗುವ ಗುರುತ್ವದ ಬದಲಾವಣೆಯನ್ನು ಗಮನಿಸಲಾಯಿತು. 2022ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ತಂಡ ನೆಲದಡಿಯ ಸುರಂಗವೊಂದನ್ನು, ಅದರ ಮೇಲಿನ ಹೊರಾಂಗಣದಲ್ಲಿ ನಿಂತು, ಈ ತಂತ್ರದಿಂದ ಪತ್ತೆಹಚ್ಚಿದ ವರದಿಯನ್ನು ಪ್ರಕಟಿಸಿತು. ಒಂದರ ಮೇಲೊಂದಿರುವ ಎರಡು ಪರಮಾಣು ಮೋಡಗಳನ್ನು ಒಂದೇ ಲೇಸರ್‌ನಿಂದ ಅಳೆದು ವ್ಯತ್ಯಾಸವನ್ನು ತೆಗೆದುಕೊಂಡದ್ದು ಅವರ ಜಾಣ್ಮೆ. ವಾಹನ ಸಂಚಾರದಿಂದ ಬರುವ ನೆಲದ ಕಂಪನ ಎರಡೂ ಮೋಡಗಳ ಅಳತೆಯಲ್ಲಿ ಒಂದೇ ರೀತಿ ಸೇರಿಕೊಳ್ಳುವುದರಿಂದ ಕಳೆಯುವಾಗ ಅದು ಅಳಿಸಿಹೋಗುತ್ತದೆ, ಸುರಂಗದ ಪೊಳ್ಳು ಮಾತ್ರ ಉಳಿಯುತ್ತದೆ.

ನೆಲದಡಿಯಲ್ಲಿ ಏನಿದ್ದರೂ ಇದು ಕಂಡುಹಿಡಿಯುತ್ತದೆ ಎಂಬ ಮಾತನ್ನು ಮಾತ್ರ ನಂಬಬಾರದು. ಗುರುತ್ವದ ಅಳತೆಯಿಂದ ಆಳದಲ್ಲಿರುವ ದೊಡ್ಡ ವಸ್ತುವನ್ನೂ ಮೇಲಿರುವ ಚಿಕ್ಕ ವಸ್ತುವನ್ನೂ ಬೇರ್ಪಡಿಸುವುದು ತಾತ್ವಿಕವಾಗಿಯೇ ಕಷ್ಟ. ಉಪಕರಣ ಎಷ್ಟೇ ಸೂಕ್ಷ್ಮವಾದರೂ ಈ ಅಸ್ಪಷ್ಟತೆ ತಾನಾಗಿ ಹೋಗುವುದಿಲ್ಲ.

ಉಪಗ್ರಹಗಳು ನೀರನ್ನು ‘ತೂಗುತ್ತವೆ’ ಎನ್ನುವುದು ಹೇಗೆ?

2002ರ ಮಾರ್ಚ್‌ನಲ್ಲಿ ಉಡಾವಣೆಯಾದ ಅಮೆರಿಕ-ಜರ್ಮನಿ ಜಂಟಿ ಯೋಜನೆ ಗ್ರೇಸ್‌ನಲ್ಲಿ ಎರಡು ಉಪಗ್ರಹಗಳು ಸುಮಾರು 220 ಕಿ.ಮೀ ಅಂತರದಲ್ಲಿ ಒಂದರ ಹಿಂದೊಂದು ಸುತ್ತುತ್ತಿದ್ದವು. ಮುಂದೆ ಹೆಚ್ಚು ರಾಶಿಯಿರುವ ಪ್ರದೇಶ ಬಂದಾಗ ಮುಂದಿನ ಉಪಗ್ರಹ ಮೊದಲು ಸೆಳೆಯಲ್ಪಟ್ಟು ಅಂತರ ಹೆಚ್ಚುತ್ತದೆ, ಅದನ್ನು ದಾಟಿದ ಮೇಲೆ ಮತ್ತೆ ಸರಿಹೊಂದುತ್ತದೆ. ಆ ಅಂತರದ ಬದಲಾವಣೆಯನ್ನು ಮೈಕ್ರೊಮೀಟರ್ ಮಟ್ಟದಲ್ಲಿ ಮೈಕ್ರೋವೇವ್ ಮೂಲಕ ಅಳೆದು, ಇಡೀ ಭೂಮಿಯ ಗುರುತ್ವ ನಕ್ಷೆಯನ್ನು ತಿಂಗಳಿಗೊಮ್ಮೆ ತಯಾರಿಸಲಾಗುತ್ತಿತ್ತು. 2017ರಲ್ಲಿ ಅದು ಮುಗಿದು, 2018ರ ಮೇ ತಿಂಗಳಲ್ಲಿ ಅದರ ಮುಂದುವರಿಕೆಯಾದ ಗ್ರೇಸ್-ಫಾಲೋ ಆನ್ ಹಾರಿತು. ಇದರಲ್ಲಿ ಲೇಸರ್‌ನಿಂದ ಅಂತರ ಅಳೆಯುವ ವ್ಯವಸ್ಥೆಯೂ ಇದೆ.

ತಿಂಗಳಿಂದ ತಿಂಗಳಿಗೆ ಬೆಟ್ಟಗಳು ಬದಲಾಗುವುದಿಲ್ಲ, ನೀರು ಬದಲಾಗುತ್ತದೆ. ಹಾಗಾಗಿ ಎರಡು ನಕ್ಷೆಗಳ ವ್ಯತ್ಯಾಸ ಬಹುಪಾಲು ನೀರು ಮತ್ತು ಹಿಮದ ಚಲನೆಯೇ ಆಗಿರುತ್ತದೆ. ಗ್ರೀನ್‌ಲ್ಯಾಂಡ್ ವರ್ಷಕ್ಕೆ ಸರಾಸರಿ ಸುಮಾರು 270 ಶತಕೋಟಿ ಟನ್ ಹಿಮ ಕಳೆದುಕೊಳ್ಳುತ್ತಿದೆಯೆಂಬ ಅಂದಾಜು ಹೀಗೆ ಬಂದದ್ದು. ರಾಜಸ್ಥಾನ, ಪಂಜಾಬ್ ಮತ್ತು ಹರಿಯಾಣಗಳಲ್ಲಿ 2002ರಿಂದ 2008ರವರೆಗೆ ಸುಮಾರು 109 ಘನ ಕಿ.ಮೀ ಅಂತರ್ಜಲ ಬರಿದಾಯಿತೆಂದು 2009ರಲ್ಲಿ ಪ್ರಕಟವಾದ ಅಧ್ಯಯನವೂ ಇದೇ ಅಳತೆಗಳನ್ನು ಆಧರಿಸಿತ್ತು. ಹೀಗೆ ಹೊರತೆಗೆದ ನೀರಿನ ಬಹುಪಾಲು ಕೊನೆಗೆ ಸಮುದ್ರ ಸೇರುತ್ತದೆ. 1993ರಿಂದ 2010ರವರೆಗೆ ಜಗತ್ತಿನಾದ್ಯಂತ ಸುಮಾರು 2,150 ಶತಕೋಟಿ ಟನ್ ಅಂತರ್ಜಲ ಸ್ಥಳಾಂತರಗೊಂಡದ್ದರಿಂದ ಭೂಮಿಯ ಭ್ರಮಣ ಧ್ರುವವೇ (ತಿರುಗುವ ಅಕ್ಷ ನೆಲವನ್ನು ಸಂಧಿಸುವ ಬಿಂದು) ಸುಮಾರು 80 ಸೆಂ.ಮೀ ಸರಿದಿದೆಯೆಂದು 2023ರ ಅಧ್ಯಯನವೊಂದು ಲೆಕ್ಕಹಾಕಿದೆ.

ಈ ವಿಧಾನದ ಮಿತಿಯನ್ನೂ ಹೇಳಬೇಕು. ಗ್ರೇಸ್‌ನ ದೃಷ್ಟಿ ಸುಮಾರು 300 ಕಿ.ಮೀಗಿಂತ ಚಿಕ್ಕದನ್ನು ಸ್ಪಷ್ಟವಾಗಿ ಗುರುತಿಸದು. ಒಂದು ಊರಿನ ಬಾವಿಯ ಬಗ್ಗೆ ಅದನ್ನು ಕೇಳುವುದರಲ್ಲಿ ಅರ್ಥವಿಲ್ಲ.

ಹಿಂದೂ ಮಹಾಸಾಗರದಲ್ಲಿ ‘ಗುರುತ್ವದ ಗುಂಡಿ’ ಇದೆಯಂತೆ. ಹಡಗುಗಳಿಗೆ ಅಪಾಯವೇ?

ಅಪಾಯವಿಲ್ಲ. ಶ್ರೀಲಂಕಾದ ದಕ್ಷಿಣಕ್ಕಿರುವ ವಿಶಾಲ ಪ್ರದೇಶದಲ್ಲಿ ಸಮುದ್ರದ ಸರಾಸರಿ ಮೇಲ್ಮೈ, ಭೂಮಿಯ ಆಕಾರವನ್ನು ನಯವಾಗಿ ಸೂಚಿಸುವ ಆದರ್ಶ ದೀರ್ಘಗೋಲದ ಮಟ್ಟಕ್ಕಿಂತ ಸುಮಾರು 106 ಮೀಟರ್ ಕೆಳಗಿದೆ. ಭೂಮಿಯಲ್ಲಿ ಇಂಥ ಅತಿ ದೊಡ್ಡ ತಗ್ಗು ಇದೇ. ಆದರೆ ಆ ಮೇಲ್ಮೈಯ ಪ್ರತಿ ಬಿಂದುವಿನಲ್ಲಿಯೂ ಗುರುತ್ವದ ವಿಭವ (ಗುರುತ್ವದಿಂದ ಬರುವ ಸ್ಥಿತಿಶಕ್ತಿಯ ಮಟ್ಟ) ಒಂದೇ ಆಗಿರುವುದರಿಂದ ಅಲ್ಲಿ ಹೋಗುವ ಹಡಗಿಗೆ ಇಳಿಜಾರೂ ಇಲ್ಲ, ಏರೂ ಇಲ್ಲ. ಈ ತಗ್ಗಿನ ಕಾರಣ ಆಳದಲ್ಲಿದೆ. ಪ್ರಾಚೀನ ಟೆಥಿಸ್ ಸಾಗರದ ತಳ, ಭೂಮಿಯ ಹೊರಪದರದ ಕೆಳಗಿನ ದಪ್ಪ ಶಿಲಾಪದರವಾದ ಮ್ಯಾಂಟಲ್‌ನೊಳಗೆ ಮುಳುಗಿ, ಆಫ್ರಿಕಾದ ಅಡಿಯ ಬಿಸಿ ರಾಶಿಯನ್ನು ಕದಡಿದ್ದರಿಂದ ಮೇಲೆದ್ದ ಹಗುರವಾದ ಬಿಸಿ ಕಂಬಗಳು ಇದಕ್ಕೆ ಕಾರಣವೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2023ರಲ್ಲಿ ಗಣಕ ಮಾದರಿಗಳ ಮೂಲಕ ವಾದಿಸಿದರು. ಇದು ಒಳ್ಳೆಯ ವಿವರಣೆ, ಅಂತಿಮ ತೀರ್ಪಲ್ಲ.

ಮೊಬೈಲ್‌ನ ಜಿಪಿಎಸ್‌ಗೆ ಐನ್‌ಸ್ಟೈನ್ ಬೇಕೇ?

ಬೇಕು. ಸುಮಾರು 20,200 ಕಿ.ಮೀ ಎತ್ತರದಲ್ಲಿ ಗುರುತ್ವ ದುರ್ಬಲವಾಗಿರುವ ಕಾರಣ ಉಪಗ್ರಹದ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 45 ಮೈಕ್ರೊಸೆಕೆಂಡು ಮುಂದೆ ಓಡುತ್ತದೆ. ವೇಗದ ಕಾರಣ ಸುಮಾರು 7 ಮೈಕ್ರೊಸೆಕೆಂಡು ಹಿಂದೆ ಬೀಳುತ್ತದೆ. ಉಳಿಯುವ 38 ಮೈಕ್ರೊಸೆಕೆಂಡಿನಲ್ಲಿ ಬೆಳಕು 11 ಕಿ.ಮೀಗೂ ಹೆಚ್ಚು ದೂರ ಸಾಗುತ್ತದೆ. ಇದನ್ನು ಸರಿಪಡಿಸಿಯೇ ಗಡಿಯಾರಗಳನ್ನು ಕಳುಹಿಸುತ್ತಾರೆ.

ಇದೇ ಪರಿಣಾಮವನ್ನು ಈಗ ತಿರುಗಿಸಿ ಬಳಸುತ್ತಿದ್ದಾರೆ. ಭೂಮಿಯ ಮೇಲೆ 1 ಸೆಂ.ಮೀ ಎತ್ತರದ ವ್ಯತ್ಯಾಸ ಗಡಿಯಾರದ ವೇಗವನ್ನು ಸುಮಾರು 10⁻¹⁸ರಷ್ಟು ಬದಲಿಸುತ್ತದೆ, ಮತ್ತು ಇಂದಿನ ಉತ್ತಮ ಆಪ್ಟಿಕಲ್ ಗಡಿಯಾರಗಳು (ಬೆಳಕಿನ ಆವರ್ತನವನ್ನು ಆಧರಿಸಿದ ಪರಮಾಣು ಗಡಿಯಾರಗಳು) ಆ ಮಟ್ಟವನ್ನು ಮುಟ್ಟಿವೆ. ಟೋಕಿಯೊದ ಸ್ಕೈಟ್ರೀ ಗೋಪುರದ ಬುಡದಲ್ಲೊಂದು, ಸುಮಾರು 450 ಮೀಟರ್ ಎತ್ತರದಲ್ಲೊಂದು ಸಾಗಿಸಬಹುದಾದ ಗಡಿಯಾರವನ್ನಿಟ್ಟು ನಡೆಸಿದ ಪ್ರಯೋಗ 2020ರಲ್ಲಿ ಪ್ರಕಟವಾಯಿತು. ಗಡಿಯಾರವೇ ಎತ್ತರ ಅಳೆಯುವ ಸಾಧನವಾದಂತಾಯಿತು.

ಜಿಪಿಎಸ್ ಸಂಕೇತ ಸಿಗದಿದ್ದರೆ ದಾರಿ ಹೇಗೆ ತಿಳಿಯುತ್ತದೆ?

ಉಪಗ್ರಹಗಳಿಂದ ಬರುವ ಸಂಕೇತ ಬಹಳ ಕ್ಷೀಣವಾದದ್ದು. ಅದನ್ನು ಅಡಗಿಸುವುದೂ ನಕಲಿಸುವುದೂ ಸುಲಭ, ನೀರಿನಡಿಗಂತೂ ಅದು ತಲುಪುವುದೇ ಇಲ್ಲ. ಅಂಥ ಕಡೆ ಜಡತ್ವ ನ್ಯಾವಿಗೇಷನ್ ಬಳಸುತ್ತಾರೆ. ವೇಗೋತ್ಕರ್ಷವನ್ನು ಅಳೆದು, ಅದನ್ನು ಕಾಲದೊಂದಿಗೆ ಒಮ್ಮೆ ಕೂಡಿಸಿದರೆ ವೇಗ, ಮತ್ತೊಮ್ಮೆ ಕೂಡಿಸಿದರೆ ಸ್ಥಾನ. ಎರಡು ಸಲ ಕೂಡಿಸುವಾಗ ತಪ್ಪುಗಳೂ ಕೂಡಿಕೊಳ್ಳುತ್ತವೆ. ಮಾಪಕದಲ್ಲಿ 10⁻⁴ ಮೀ/ಸೆ²ನಷ್ಟು ಸ್ಥಿರ ದೋಷವಿದ್ದರೆ 10 ನಿಮಿಷಗಳಲ್ಲಿ ಸ್ಥಾನ ಸುಮಾರು 18 ಮೀಟರ್ ತಪ್ಪುತ್ತದೆ, ಮತ್ತು ಮೊದಮೊದಲು ಆ ತಪ್ಪು ಕಾಲದ ವರ್ಗದಂತೆ ಬೆಳೆಯುತ್ತದೆ. ಪರಮಾಣು ಸಂವೇದಕಗಳ ಮೇಲೆ ಹಣ ಹರಿಯುತ್ತಿರುವುದು ಈ ಜಾರುವಿಕೆಯನ್ನು ತಡೆಯುವುದಕ್ಕಾಗಿ.

ಇಲ್ಲೊಂದು ಮೂಲಭೂತ ತೊಡಕಿದ್ದು, ಜನಪ್ರಿಯ ಬರಹಗಳಲ್ಲಿ ಅದರ ಪ್ರಸ್ತಾಪ ಅಪರೂಪ. ಗುರುತ್ವವನ್ನೂ ವಾಹನದ ವೇಗೋತ್ಕರ್ಷವನ್ನೂ ಒಂದು ಬಿಂದುವಿನಲ್ಲಿರುವ ಯಾವ ಮಾಪಕವೂ ಬೇರ್ಪಡಿಸಲಾರದು. ಇದು ಉಪಕರಣದ ಕೊರತೆಯಲ್ಲ, ಸಾಮಾನ್ಯ ಸಾಪೇಕ್ಷತೆಯ ತಳಹದಿಯಾದ ಸಮಾನತಾ ತತ್ತ್ವವೇ ಅದು. ಟೈಟಾನಿಯಂ ಮತ್ತು ಪ್ಲಾಟಿನಂ ಒಂದೇ ರೀತಿ ಬೀಳುತ್ತವೆಂಬುದನ್ನು ಮೈಕ್ರೋಸ್ಕೋಪ್ ಎಂಬ ಫ್ರೆಂಚ್ ಉಪಗ್ರಹ ಸುಮಾರು 10⁻¹⁵ರ ಮಟ್ಟಕ್ಕೆ ಪರಿಶೀಲಿಸಿದ ಅಂತಿಮ ಫಲಿತಾಂಶ 2022ರಲ್ಲಿ ಬಂದಿತು. ಆದ್ದರಿಂದ ಜಡತ್ವ ವ್ಯವಸ್ಥೆ ತಾನಿರುವ ಜಾಗದ ಗುರುತ್ವವನ್ನು ನಕ್ಷೆಯಿಂದ ತಿಳಿದು ಕಳೆಯಲೇಬೇಕು, ಮತ್ತು ನಕ್ಷೆಯ ತಪ್ಪು ನೇರವಾಗಿ ಸ್ಥಾನದ ತಪ್ಪಾಗುತ್ತದೆ. ಮಾಪಕ ಉತ್ತಮವಾದಷ್ಟೂ ನಕ್ಷೆಯ ಕೊರತೆ ಎದ್ದು ಕಾಣುತ್ತದೆ. ಇನ್ನೊಂದು ದಾರಿಯಲ್ಲಿ ಈ ತೊಡಕನ್ನೇ ಸಹಾಯಕ್ಕೆ ಕರೆಯುತ್ತಾರೆ: ಸಾಗುತ್ತಾ ಗುರುತ್ವದ ಏರಿಳಿತವನ್ನು ದಾಖಲಿಸಿ, ಅದನ್ನು ನಕ್ಷೆಯೊಂದಿಗೆ ಹೋಲಿಸಿ ತಾನೆಲ್ಲಿದ್ದೇನೆಂದು ಊಹಿಸುವುದು. ಭೂಮಿಯ ಹೊರಪದರದ ಕಾಂತಕ್ಷೇತ್ರದ ನಕ್ಷೆಯನ್ನೂ ಹೀಗೆಯೇ ಬಳಸಬಹುದು. ವಿಮಾನಗಳಿಗೆ ಅದೇ ಹೆಚ್ಚು ಅನುಕೂಲವೆಂದು ತೋರುತ್ತದೆ.

ಇಂಥ ಸಂವೇದಕ ಮೊಬೈಲ್‌ಗೆ ಯಾವಾಗ ಬರುತ್ತದೆ?

ಸದ್ಯಕ್ಕಿಲ್ಲ. ಲೇಸರ್, ನಿರ್ವಾತ ಪಂಪು, ಕಾಂತರಕ್ಷಣೆ ಎಲ್ಲವೂ ಬೇಕಿರುವ ಉಪಕರಣ ಅದು. ಜಲಾಂತರ್ಗಾಮಿ, ಹಡಗು, ವಿಮಾನಗಳಲ್ಲಿ ಅದಕ್ಕೆ ಮೊದಲು ಜಾಗ ಸಿಗುತ್ತದೆ.

2023ರಲ್ಲಿ ಭೂಮಿ ಒಂಬತ್ತು ದಿನ ಕಂಪಿಸಿತು ಎನ್ನುವುದು ನಿಜವೇ?

ನಿಜ, ಆದರೆ ಯಾರ ಅನುಭವಕ್ಕೂ ಬಾರದಷ್ಟು ಮೆಲ್ಲಗೆ. 2023ರ ಸೆಪ್ಟೆಂಬರ್ 16ರಿಂದ ಜಗತ್ತಿನಾದ್ಯಂತ ಭೂಕಂಪನಮಾಪಕಗಳು ಒಂದು ವಿಚಿತ್ರ ಸಂಕೇತವನ್ನು ದಾಖಲಿಸಿದವು. ಭೂಕಂಪದ ದಾಖಲೆಯಲ್ಲಿ ಹಲವು ಆವರ್ತನಗಳು ಬೆರೆತಿರುತ್ತವೆ. ಇದರಲ್ಲಿದ್ದದ್ದು ಸುಮಾರು 92 ಸೆಕೆಂಡಿಗೊಮ್ಮೆ ಮರುಕಳಿಸುವ ಒಂದೇ ಸ್ವರ. ಮೂಲವನ್ನು ಹುಡುಕುತ್ತಾ ಹೋದವರು ಪೂರ್ವ ಗ್ರೀನ್‌ಲ್ಯಾಂಡ್‌ನ ಡಿಕ್ಸನ್ ಫ್ಯೋರ್ಡ್ ಎಂಬ ಕಿರಿದಾದ ಕಡಲ ಕಣಿವೆಯನ್ನು ತಲುಪಿದರು. ತೆಳುವಾಗುತ್ತಿದ್ದ ಹಿಮನದಿಯ ಆಸರೆ ತಪ್ಪಿದ ಬೆಟ್ಟದ ಭಾಗವೊಂದು ಕುಸಿದು, 2.5 ಕೋಟಿ ಘನ ಮೀಟರಿಗೂ ಹೆಚ್ಚು ಬಂಡೆ ಮತ್ತು ಹಿಮ ನೀರಿಗೆ ಬಿದ್ದಿತ್ತು. ಎದ್ದ ಅಲೆ ಸುಮಾರು 200 ಮೀಟರ್ ಎತ್ತರಕ್ಕೆ ದಡವನ್ನು ತೊಳೆದಿತ್ತು.

ಆನಂತರ ನೀರು ಕಣಿವೆಯ ಈ ಗೋಡೆಯಿಂದ ಆ ಗೋಡೆಗೆ, ಅಲ್ಲಾಡಿಸಿದ ಬಟ್ಟಲಿನ ನೀರಿನಂತೆ, ತುಳುಕುತ್ತಲೇ ಇತ್ತು. ಲೆಕ್ಕ ಸರಳ. ಸುಮಾರು 2.7 ಕಿ.ಮೀ ಅಗಲ ಮತ್ತು 540 ಮೀಟರ್ ಆಳದ ಆಯತಾಕಾರದ ತೊಟ್ಟಿಯೆಂದು ಭಾವಿಸಿದರೆ, ಅಗಲದ ಎರಡರಷ್ಟನ್ನು ಅಲೆಯ ವೇಗದಿಂದ (ಗುರುತ್ವ ಮತ್ತು ಆಳದ ಗುಣಲಬ್ಧದ ವರ್ಗಮೂಲ) ಭಾಗಿಸಿದಾಗ ಸುಮಾರು 74 ಸೆಕೆಂಡು ಬರುತ್ತದೆ. ನಿಜವಾದ ಕಣಿವೆಯ ತಳ ಚಪ್ಪಟೆಯಲ್ಲ, ಅಂಚುಗಳ ಕಡೆ ಆಳ ಕಡಿಮೆ. ಅಲ್ಲಿ ಅಲೆ ನಿಧಾನವಾಗುವುದರಿಂದ ಅವಧಿ 92ರ ಕಡೆಗೆ ಬೆಳೆಯುತ್ತದೆ. ತಿರುವುಗಳಿಂದ ಕೂಡಿದ ಕಣಿವೆಯಲ್ಲಿ ಅಲೆಯ ಶಕ್ತಿ ಹೊರಗಿನ ಸಮುದ್ರಕ್ಕೆ ಸುಲಭವಾಗಿ ಹರಿದುಹೋಗಲಿಲ್ಲ, ಆದ್ದರಿಂದಲೇ ಅಷ್ಟು ದಿನ. ಹಲವು ದೇಶಗಳ ಸಂಶೋಧಕರು ಸೇರಿ ಬರೆದ ವಿವರಣೆ 2024ರಲ್ಲಿ ಪ್ರಕಟವಾಯಿತು. 2022ರ ಡಿಸೆಂಬರ್‌ನಲ್ಲಿ ಹಾರಿದ ಸ್ವಾಟ್ ಉಪಗ್ರಹ ಆ ದಿನಗಳಲ್ಲಿ ಕಣಿವೆಯ ನೀರಿನ ಮೇಲ್ಮೈ ಓರೆಯಾಗಿದ್ದುದನ್ನು ದಾಖಲಿಸಿತ್ತೆಂಬುದು 2025ರಲ್ಲಿ ತಿಳಿದುಬಂತು. ಸಮುದ್ರದ ಎತ್ತರವನ್ನು ಗೆರೆಯಾಗಿ ಅಳೆಯುತ್ತಿದ್ದ ಹಳೆಯ ಉಪಗ್ರಹಗಳಿಗೆ ಇದು ಆಗುತ್ತಿರಲಿಲ್ಲ. ಸ್ವಾಟ್ ಅಗಲವಾದ ಪಟ್ಟಿಯನ್ನೇ ಅಳೆಯುತ್ತದೆ.

ಹರಿವಿನ ಸಮೀಕರಣಗಳು ಗೊತ್ತಿರುವಾಗ ಹವಾಮಾನವನ್ನು ಪೂರ್ತಿ ಮುನ್ಸೂಚಿಸಲು ಏಕೆ ಆಗುವುದಿಲ್ಲ?

ನೇವಿಯರ್-ಸ್ಟೋಕ್ಸ್ ಸಮೀಕರಣಗಳು ಹತ್ತೊಂಬತ್ತನೆಯ ಶತಮಾನದಿಂದಲೂ ನಮ್ಮ ಬಳಿ ಇವೆ. ಅವಕ್ಕೆ ಮೂರು ಆಯಾಮಗಳಲ್ಲಿ ಯಾವಾಗಲೂ ನಯವಾದ ಪರಿಹಾರ ಇರುತ್ತದೆಯೇ ಎಂಬುದು ಮಾತ್ರ, 2000ದಲ್ಲಿ ಹತ್ತು ಲಕ್ಷ ಡಾಲರ್ ಬಹುಮಾನ ಘೋಷಣೆಯಾದ ಮೇಲೂ, ಸಾಬೀತಾಗಿಲ್ಲ. ಹವಾಮಾನದ ತೊಂದರೆ ಬೇರೆ: ಆರಂಭದ ಸಣ್ಣ ತಪ್ಪು ವೇಗವಾಗಿ ಬೆಳೆಯುತ್ತದೆ, ಸುಳಿಗಳ ಎಲ್ಲ ಗಾತ್ರಗಳನ್ನೂ ಗಣಕದಲ್ಲಿ ಹಿಡಿದಿಡಲಾಗದು.

ಕೆಲವು ಹರಿವುಗಳನ್ನು ನೋಡಲಾಗದಿದ್ದರೂ ಗುರುತ್ವದಿಂದ ತಿಳಿಯಬಹುದು. ಗುರುಗ್ರಹವನ್ನು ಸುತ್ತುತ್ತಿರುವ ಜುನೊ ನೌಕೆಯ ವೇಗದ ಸೂಕ್ಷ್ಮ ಬದಲಾವಣೆಗಳನ್ನು ರೇಡಿಯೊ ಮೂಲಕ ಅಳೆದಾಗ, ಗ್ರಹದ ಉತ್ತರ ಮತ್ತು ದಕ್ಷಿಣಾರ್ಧಗಳ ಗುರುತ್ವದಲ್ಲಿ ಅಸಮತೆ ಕಂಡಿತು. ಮೇಲೆ ಕಾಣುವ ಗಾಳಿಯ ಪಟ್ಟೆಗಳು ಸುಮಾರು 3,000 ಕಿ.ಮೀ ಆಳದವರೆಗೆ ಇಳಿದಿವೆಯೆಂದು 2018ರಲ್ಲಿ ಅದರಿಂದ ತೀರ್ಮಾನಿಸಲಾಯಿತು.

ದಿಕ್ಸೂಚಿಯ ಉತ್ತರ ಬದಲಾಗುತ್ತಲೇ ಇರುವುದೇಕೆ?

ಭೂಮಿಯ ಹೊರಗರ್ಭದ ದ್ರವ ಕಬ್ಬಿಣದ ಹರಿವಿನಿಂದ ಕಾಂತಕ್ಷೇತ್ರ ಹುಟ್ಟುತ್ತದೆ. ಹರಿವು ಬದಲಾದಂತೆ ಕ್ಷೇತ್ರವೂ ಬದಲಾಗುತ್ತದೆ. ಕಾಂತೀಯ ಉತ್ತರ ಧ್ರುವ ಕೆನಡಾದ ಕಡೆಯಿಂದ ಸೈಬೀರಿಯದ ಕಡೆಗೆ ಸಾಗುತ್ತಿದ್ದು, ಒಂದು ಕಾಲಕ್ಕೆ ವರ್ಷಕ್ಕೆ 50 ಕಿ.ಮೀ ಮೀರಿದ್ದ ವೇಗ ಇತ್ತೀಚೆಗೆ ಸುಮಾರು 35ಕ್ಕೆ ಇಳಿದಿದೆ. ಹಡಗು-ವಿಮಾನಗಳು ಬಳಸುವ ವಿಶ್ವ ಕಾಂತೀಯ ಮಾದರಿಯನ್ನು ಐದು ವರ್ಷಕ್ಕೊಮ್ಮೆ ಹೊಸದಾಗಿಸುತ್ತಾರೆ. ಇತ್ತೀಚಿನದು 2024ರ ಡಿಸೆಂಬರ್‌ನಲ್ಲಿ ಬಂದಿತು.

ಗುರುತ್ವದಿಂದ ಭೂಕಂಪವನ್ನು ಬೇಗ ತಿಳಿಯಬಹುದೇ?

ಮುಂಚಿತವಾಗಿ ಅಲ್ಲ, ಆದರೆ ಅಲೆಗಿಂತ ಮೊದಲು ಸಾಧ್ಯ. ದೊಡ್ಡ ಭೂಕಂಪದಲ್ಲಿ ಅಪಾರ ರಾಶಿ ಸ್ಥಾನಪಲ್ಲಟವಾಗುತ್ತದೆ, ಮತ್ತು ಆ ಗುರುತ್ವ ಬದಲಾವಣೆ ಬೆಳಕಿನ ವೇಗದಲ್ಲಿ ಹರಡುತ್ತದೆ. ಶಿಲೆಯೊಳಗಿನ ಅತಿ ವೇಗದ ಕಂಪನ ಅಲೆಯೂ ಸೆಕೆಂಡಿಗೆ ಕೆಲವು ಕಿ.ಮೀ ಮಾತ್ರ ಸಾಗುತ್ತದೆ. 2011ರ ಜಪಾನಿನ ತೊಹೊಕು ಭೂಕಂಪದ ದಾಖಲೆಗಳಲ್ಲಿ ಈ ಮುಂಗಾಮಿ ಸಂಕೇತವನ್ನು 2016 ಮತ್ತು 2017ರ ಅಧ್ಯಯನಗಳು ಗುರುತಿಸಿದವು. ಅದು ಎಷ್ಟು ಕ್ಷೀಣವೆಂದರೆ, ಅತಿ ದೊಡ್ಡ ಭೂಕಂಪಗಳಲ್ಲಿ ಮಾತ್ರ ಕಾಣುತ್ತದೆ. ಸುನಾಮಿ ಎಚ್ಚರಿಕೆಗೆ ಬೇಕಾದ ಗಾತ್ರದ ಅಂದಾಜನ್ನು ಬೇಗ ಪಡೆಯಲು ನೆರವಾಗಬಹುದೆಂಬುದು ಇದರ ಪ್ರಯೋಜನ.

ಗುರುತ್ವಾಕರ್ಷಣ ಅಲೆಗಳೂ ಇದೇ ವರ್ಗಕ್ಕೆ ಸೇರಿದವೇ?

ಮೂಲ ಒಂದೇ, ಪ್ರಮಾಣ ಬೇರೆ. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಗುರುತ್ವಾಕರ್ಷಣ ಅಲೆ ವೀಕ್ಷಣಾಲಯವಾದ ಲೈಗೊ ಗುರುತಿಸಿದ ಅಲೆ 4 ಕಿ.ಮೀ ಉದ್ದದ ತೋಳುಗಳನ್ನು ಪ್ರೋಟಾನಿನ ವ್ಯಾಸಕ್ಕಿಂತಲೂ ಬಹಳ ಕಡಿಮೆ ಬದಲಿಸಿತ್ತು. 2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ನಕ್ಷತ್ರಗಳು ಒಂದಾದಾಗ, ಸುಮಾರು 13 ಕೋಟಿ ಜ್ಯೋತಿರ್ವರ್ಷ ಸಾಗಿ ಬಂದ ಅಲೆ ಮತ್ತು ಗ್ಯಾಮಾ ಕಿರಣಗಳ ನಡುವಿನ ಅಂತರ 1.7 ಸೆಕೆಂಡು ಮಾತ್ರ. ಲೈಗೊಗೆ ನೆಲದ ಕಂಪನ ಮತ್ತು ಸುತ್ತಲಿನ ಗಾಳಿಯ ಸಾಂದ್ರತೆಯ ಬದಲಾವಣೆ ಶತ್ರುಗಳು. ಭೂವಿಜ್ಞಾನಿಗಳಿಗೆ ಅವೇ ಅಧ್ಯಯನದ ವಸ್ತು.

ಪ್ರತಿವಸ್ತು ಮೇಲಕ್ಕೆ ಬೀಳುತ್ತದೆಯೇ?

ಇಲ್ಲ. ಯುರೋಪಿನ ಕಣಭೌತವಿಜ್ಞಾನ ಪ್ರಯೋಗಾಲಯ ಸರ್ನ್‌ನ ಆಲ್ಫಾ ತಂಡ 2023ರಲ್ಲಿ, ಹೈಡ್ರೋಜನ್‌ನ ಪ್ರತಿವಸ್ತು ರೂಪವಾದ ಪ್ರತಿಹೈಡ್ರೋಜನ್ ಕೆಳಕ್ಕೇ ಬೀಳುತ್ತದೆಂದು ತೋರಿಸಿತು.

ಸೂರ್ಯನ ಬಿರುಗಾಳಿಗೂ ನ್ಯಾವಿಗೇಷನ್‌ಗೂ ಏನು ಸಂಬಂಧ?

ಉಪಗ್ರಹದ ಸಂಕೇತ ಮೇಲ್ವಾತಾವರಣದ ವಿದ್ಯುದಾವಿಷ್ಟ ಪದರವಾದ ಅಯಾನುಗೋಳದ ಮೂಲಕ ಬರುವಾಗ ಅಲ್ಲಿನ ಎಲೆಕ್ಟ್ರಾನುಗಳಿಂದ ತಡವಾಗುತ್ತದೆ. ಆ ತಡ ಆವರ್ತನಕ್ಕೆ ತಕ್ಕಂತೆ ಬದಲಾಗುವುದರಿಂದ ಎರಡು ಆವರ್ತನಗಳಲ್ಲಿ ಅಳೆದು ಬಹುಪಾಲು ಕಳೆಯಬಹುದು. ಬಿರುಗಾಳಿಯಲ್ಲಿ ಅಯಾನುಗೋಳ ಕದಡಿದಾಗ ಈ ಉಪಾಯವೂ ಸೋಲುತ್ತದೆ: 2024ರ ಮೇ 10-11ರ ತೀವ್ರ ಕಾಂತೀಯ ಬಿರುಗಾಳಿಯಲ್ಲಿ ಅಮೆರಿಕದ ಹೊಲಗಳಲ್ಲಿ ಉಪಗ್ರಹ ಮಾರ್ಗದರ್ಶನದ ಟ್ರ್ಯಾಕ್ಟರುಗಳು ದಾರಿ ತಪ್ಪಿದವು. ಬಿಸಿಯಾದ ಮೇಲ್ವಾತಾವರಣ ಉಬ್ಬಿ ಕೆಳಕಕ್ಷೆಯ ಉಪಗ್ರಹಗಳನ್ನು ಎಳೆಯುವುದೂ ಉಂಟು. 2022ರ ಫೆಬ್ರವರಿಯಲ್ಲಿ ಹಾರಿಸಿದ 49 ಸ್ಟಾರ್‌ಲಿಂಕ್ ಉಪಗ್ರಹಗಳ ಬಹುಪಾಲು ಹೀಗೆ ನಾಶವಾದವು.

ಆದರೆ ಇದೇ ‘ತಡ’ವನ್ನು ದಾಖಲಿಸುವವರಿಗೆ ಜಿಪಿಎಸ್ ಜಾಲ ಅಯಾನುಗೋಳದ ದೂರದರ್ಶಕವಾಗಿದೆ. 2022ರ ಜನವರಿ 15ರಂದು ಟೋಂಗಾದ ಜ್ವಾಲಾಮುಖಿ ಸಿಡಿದಾಗ ವಾತಾವರಣದಲ್ಲಿ ಭೂಮಿಯನ್ನು ಸುತ್ತಿದ ಒತ್ತಡದ ಅಲೆಯ ಗುರುತು ನ್ಯಾವಿಗೇಷನ್ ಸಂಕೇತಗಳಲ್ಲೂ ಮೂಡಿತ್ತು.

ಚಂದ್ರನ ಮೇಲೆ ಜಿಪಿಎಸ್ ಸಿಗುತ್ತದೆಯೇ?

ಸಿಕ್ಕಿದೆ. 2025ರ ಮಾರ್ಚ್‌ನಲ್ಲಿ ಬ್ಲೂ ಘೋಸ್ಟ್ ನೌಕೆಯ ಜೊತೆ ಇಳಿದ ನಾಸಾ ಮತ್ತು ಇಟಲಿಯ ಬಾಹ್ಯಾಕಾಶ ಸಂಸ್ಥೆಯ ಲುಗ್ರೆ ಗ್ರಾಹಕ, ಭೂಮಿಯ ನ್ಯಾವಿಗೇಷನ್ ಉಪಗ್ರಹಗಳ ಸಂಕೇತವನ್ನು ಚಂದ್ರನ ನೆಲದಲ್ಲಿ ಮೊದಲ ಬಾರಿಗೆ ಹಿಡಿಯಿತು. ಆದರೆ ಆ ಉಪಗ್ರಹಗಳೆಲ್ಲ ಚಂದ್ರನಿಂದ ನೋಡಿದಾಗ ಆಕಾಶದ ಒಂದೇ ಮೂಲೆಯಲ್ಲಿರುವುದರಿಂದ ಸ್ಥಾನದ ಲೆಕ್ಕ ಭೂಮಿಯಲ್ಲಿರುವಷ್ಟು ಬಿಗಿಯಾಗದು, ಚಂದ್ರನ ಹಿಂಬದಿಗೆ ಸಂಕೇತ ಮುಟ್ಟುವುದೂ ಇಲ್ಲ. ಇನ್ನೂ ದೂರಕ್ಕೆ, ಗಡಿಯಾರದಂತೆ ಕ್ರಮಬದ್ಧವಾಗಿ ಮಿಡಿಯುವ ನಕ್ಷತ್ರಗಳಾದ ಪಲ್ಸಾರ್‌ಗಳ ಎಕ್ಸ್-ಕಿರಣ ಮಿಡಿತಗಳನ್ನು ಬಳಸುವ ಸೆಕ್ಸ್‌ಟೆಂಟ್ ಪ್ರಯೋಗ 2017ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ನಡೆದಿದೆ.

ಚಂದ್ರನಿಗೆ ತನ್ನದೇ ಉಪಗ್ರಹ ಜಾಲ ಬೇಕಾದರೆ ಎರಡು ಸಮಸ್ಯೆಗಳು ಎದುರಾಗುತ್ತವೆ. ನೆಲದಡಿ ಹುದುಗಿರುವ ಸಾಂದ್ರ ರಾಶಿಗಳಿಂದ ಅಲ್ಲಿನ ಗುರುತ್ವ ಬಹಳ ಉಬ್ಬುತಗ್ಗಾಗಿದ್ದು, ಕೆಳಗಿನ ಕಕ್ಷೆಗಳು ಹೆಚ್ಚು ಕಾಲ ಸ್ಥಿರವಾಗಿರುವುದಿಲ್ಲ. ಗ್ರೇಸ್‌ನ ಮಾದರಿಯಲ್ಲಿಯೇ ಜೋಡಿ ನೌಕೆಗಳಾಗಿ ಸುತ್ತಿದ ಗ್ರೇಲ್ 2012ರಲ್ಲಿ ಅದರ ನಕ್ಷೆ ಮಾಡಿಕೊಟ್ಟಿದೆ. ಎರಡನೆಯದು ಕಾಲ. ಚಂದ್ರನ ಮೇಲಿನ ಗಡಿಯಾರ ಭೂಮಿಯದಕ್ಕಿಂತ ದಿನಕ್ಕೆ ಸುಮಾರು 56 ಮೈಕ್ರೊಸೆಕೆಂಡು ಬೇಗ ಓಡುತ್ತದೆ. ಚಂದ್ರನಿಗೆ ಪ್ರತ್ಯೇಕ ಪ್ರಮಾಣ ಕಾಲವನ್ನು ರೂಪಿಸುವಂತೆ ಅಮೆರಿಕ ಸರ್ಕಾರ 2024ರ ಏಪ್ರಿಲ್‌ನಲ್ಲಿ ನಾಸಾಗೆ ಸೂಚಿಸಿ, 2026ರ ಕೊನೆಯವರೆಗೆ ಗಡುವು ಕೊಟ್ಟಿತು.